ಕಾಗದದ ಮೇಲಿನ ಹೊಲಿಗೆ, ಅರೆಮನಸ್ಸಿನಿಂದ

ನಮ್ಮ ಕ್ವಿಲ್ಟ್ ಬಳಗದಲ್ಲಿ, ಅಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿಯಂತಹ ಹೊದಿಕೆ ಹೊಲಿಯುವವರ ಬಳಗದಲ್ಲಿ, ಹನ್ನೆರಡು ಜನರಿದ್ದೇವೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಹೊರವಲಯದ ಗ್ರಂಥಾಲಯವೊಂದರ ಕೋಣೆಯಲ್ಲಿ ತಿಂಗಳಿಗೆ ಎರಡು ಸಲ ಸೇರುತ್ತೇವೆ. ವರ್ಷಕ್ಕೊಂದು ವಿನ್ಯಾಸವನ್ನು ಆರಿಸಿಕೊಂಡು, ಎಲ್ಲರೂ ಅದನ್ನೇ ತಮ್ಮ ತಮ್ಮ ಬಟ್ಟೆಯಲ್ಲಿ ಹೊಲಿಯುತ್ತೇವೆ. ಈ ವರ್ಷ ‘ನ್ಯೂಯಾರ್ಕ್ ಬ್ಯೂಟಿ’ ಎಂಬ ವಿನ್ಯಾಸದ ಮಾತು ಬಂದಾಗ ಕೋಣೆಯಲ್ಲಿ ಎರಡು ಪಕ್ಷಗಳಾದವು. ಕಾಲುವೃತ್ತದ ಕಮಾನೊಂದರ ಮೇಲೆ ಸೂರ್ಯನ ಕಿರಣಗಳಂತೆ ಚೂಪಾದ ತ್ರಿಕೋನಗಳು ಸಾಲಾಗಿ ನಿಲ್ಲುವ ಈ ವಿನ್ಯಾಸ ನೋಡಲು ಎಲ್ಲರಿಗೂ ಇಷ್ಟ. ಆದರೆ ಅದನ್ನು ಇಂದು ಹೆಚ್ಚಿನವರು ಹೊಲಿಯುವುದು ಪೇಪರ್ ಪೀಸಿಂಗ್ ವಿಧಾನದಲ್ಲಿ, ಅಂದರೆ ಮುದ್ರಿತ ಕಾಗದದ ಮೇಲೆಯೇ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಹೊಲಿದು, ಕೊನೆಗೆ ಕಾಗದವನ್ನು ಹರಿದು ತೆಗೆಯುವ ವಿಧಾನದಲ್ಲಿ. ಆ ಹೆಸರು ಕೇಳಿದೊಡನೆ ಅರ್ಧ ಜನ ನಿಟ್ಟುಸಿರು ಬಿಟ್ಟರು. ನಲವತ್ತು ವರ್ಷಗಳಿಂದ ಹೊಲಿಯುತ್ತಿರುವ ಹಿರಿಯರೊಬ್ಬರು, ಬೇಕಿದ್ದರೆ ಇಡೀ ಹಾಸನ್ನು ಕೈಯಲ್ಲೇ ಹೊಲಿಯುತ್ತೇನೆ, ಕಾಗದ ಮಾತ್ರ ಮುಟ್ಟುವುದಿಲ್ಲ ಎಂದು ಹೇಳಿ ಚಹಾದ ಕಪ್ಪನ್ನು ಕೈಗೆತ್ತಿಕೊಂಡರು. ನಾನು ಏನೂ ಹೇಳಲಿಲ್ಲ. ಅದಕ್ಕೆ ಮೊದಲು ಮೂರು ಸಲ ಇದೇ ವಿಧಾನವನ್ನು ಕಲಿಯಲು ಹೋಗಿ ಅರ್ಧಕ್ಕೆ ಬಿಟ್ಟಿದ್ದವಳು ನಾನು.

ವಿಧಾನ ಹೇಳಲು ಸುಲಭ. ಕಾಗದದ ಮೇಲೆ ವಿನ್ಯಾಸದ ಗೆರೆಗಳಿರುತ್ತವೆ. ಗೆರೆಗಳ ನಡುವಿನ ಪ್ರತಿಯೊಂದು ಮನೆಗೂ 1, 2, 3 ಎಂದು ಸಂಖ್ಯೆ ಇರುತ್ತದೆ. ಬಟ್ಟೆಯನ್ನು ಇಡುವುದು ಕಾಗದದ ಗೆರೆಯಿಲ್ಲದ ಬದಿಗೆ, ಹೊಲಿಯುವುದು ಗೆರೆಯಿರುವ ಬದಿಯಿಂದ. ಮೊದಲ ತುಂಡಿನ ಉಲ್ಟಾ ಬದಿ ಕಾಗದಕ್ಕೆ ತಾಗುವಂತೆ ಇಟ್ಟು, ಎರಡನೆಯ ತುಂಡನ್ನು ಸೀದಾ ಬದಿಗೆ ಸೀದಾ ಬದಿ ಸೇರುವಂತೆ ಅದರ ಮೇಲೆ ಹೊಂದಿಸಿ, ಇಡೀ ಕಟ್ಟನ್ನು ಮಗುಚಿ, ಗೆರೆಯ ಮೇಲೆಯೇ ಮಷಿನ್ ಓಡಿಸಬೇಕು. ಆಮೇಲೆ ಕಾಗದವನ್ನು ಆ ಗೆರೆಯಲ್ಲಿ ಹಿಂದಕ್ಕೆ ಮಡಚಿ, ನಮ್ಮ ಟೈಲರುಗಳು ಮಾರ್ಜಿನ್ ಎನ್ನುವ ಅಂಚನ್ನು ಕಾಲು ಇಂಚು ಉಳಿಸಿ ಕತ್ತರಿಸಿ, ಎರಡನೆಯ ತುಂಡನ್ನು ಬಿಡಿಸಿ ಇಸ್ತ್ರಿ ಮಾಡಬೇಕು. ಮೂರನೆಯದು, ನಾಲ್ಕನೆಯದು ಹೀಗೆಯೇ. ಮಾಮೂಲು ಹೊಲಿಗೆಗೆ ಮಷಿನ್ನಿನ ಒಂದೊಂದು ಹೊಲಿಗೆಯ ಉದ್ದ ಎರಡೂವರೆ ಮಿಲಿಮೀಟರ್ ಇದ್ದರೆ ಇಲ್ಲಿ ಒಂದೂವರೆಗೆ ಇಳಿಸುತ್ತಾರೆ. ಇಂಚಿಗೆ ಹತ್ತು ಹೊಲಿಗೆ ಬೀಳುವ ಜಾಗದಲ್ಲಿ ಹದಿನಾರು ಹದಿನೇಳು ಬೀಳುತ್ತವೆ. ರಂಧ್ರಗಳು ಒತ್ತೊತ್ತಾಗಿರುವುದರಿಂದ ಕೊನೆಗೆ ಕಾಗದ ಅಂಚೆಚೀಟಿಯ ಅಂಚಿನಂತೆ ಹರಿದು ಬರುತ್ತದೆ. ಸೂಜಿಯೂ ತುಸು ದಪ್ಪ, 90/14ರದ್ದು. ಕಾಗದ ಚುಚ್ಚಿದ ಸೂಜಿ ಬೇಗ ಮೊಂಡಾಗುವುದರಿಂದ ಅದನ್ನು ಮತ್ತೆ ಬಟ್ಟೆಗೆ ಬಳಸುವಂತಿಲ್ಲ.

ಇಷ್ಟನ್ನು ಓದಿದವರಿಗೆ ಇದರಲ್ಲಿ ಕಷ್ಟವೇನಿದೆ ಎನ್ನಿಸಬಹುದು. ಕಷ್ಟ ಇರುವುದು ಬಟ್ಟೆ ಹೊಂದಿಸುವ ಆ ಒಂದು ಗಳಿಗೆಯಲ್ಲಿ. ಹೊಲಿಯುವಾಗ ಬಟ್ಟೆ ಕಣ್ಣಿಗೆ ಕಾಣುವುದಿಲ್ಲ. ಅದು ಕಾಗದದ ಕೆಳಗಿರುತ್ತದೆ. ಮಗುಚಿ ಬಿಡಿಸಿದ ಮೇಲೆ ಅದು ಯಾವ ಕಡೆಗೆ ಹರಡಿಕೊಳ್ಳುತ್ತದೆ ಎಂಬುದನ್ನು ಮೊದಲೇ ಮನಸ್ಸಿನಲ್ಲಿ ಕಂಡಿರಬೇಕು. ಇದರ ಮೇಲೆ, ಮುಗಿದ ವಿನ್ಯಾಸವು ಮುದ್ರಿತ ಚಿತ್ರದ ಕನ್ನಡಿಯ ಬಿಂಬವಾಗಿರುತ್ತದೆ. ಎಡಕ್ಕೆ ನೋಡುವ ಹಕ್ಕಿ ಬೇಕಿದ್ದರೆ ಕಾಗದದಲ್ಲಿ ಬಲಕ್ಕೆ ನೋಡುವ ಹಕ್ಕಿ ಇರಬೇಕು. ಕನ್ನಡಿಯೊಳಗಿನ ಕೈಗಳನ್ನು ನೋಡಿಕೊಂಡು ತಾನೇ ಜಡೆ ಹೆಣೆದುಕೊಂಡಂತೆ ಈ ಕೆಲಸ. ಕೈ ಒಂದು ಕಡೆ ಹೋದರೆ ಬುದ್ಧಿ ಇನ್ನೊಂದು ಕಡೆ ಎಳೆಯುತ್ತದೆ.

ನನ್ನ ಮೊದಲ ಕಮಾನಿನಲ್ಲಿ ನಾಲ್ಕನೆಯ ತುಂಡು ಬಿಡಿಸಿದಾಗ ತನ್ನ ಮನೆಯನ್ನು ಮುಚ್ಚಲೇ ಇಲ್ಲ. ಮೂಲೆಯಲ್ಲಿ ಒಂದು ಹೆಬ್ಬೆರಳಿನ ಉಗುರಿನಷ್ಟು ಕಾಗದ ಬೆಳ್ಳಗೆ ಇಣುಕುತ್ತಿತ್ತು. ಸರಿ, ಬಿಚ್ಚೋಣ ಎಂದುಕೊಂಡೆ. ಇಂಚಿಗೆ ಹದಿನೇಳು ಹೊಲಿಗೆಗಳನ್ನು ಬಿಚ್ಚುವುದೆಂದರೆ ಏನೆಂದು ಅಂದು ತಿಳಿಯಿತು. ನಾಲ್ಕು ಇಂಚಿನ ಗೆರೆ ಬಿಚ್ಚಿ ಮುಗಿಸುವಷ್ಟರಲ್ಲಿ ಕಾಗದವೂ ಅದೇ ಗೆರೆಯಲ್ಲಿ ಎರಡು ಹೋಳಾಯಿತು, ಅದಕ್ಕೆ ಟೇಪು ಹಚ್ಚಿದೆ, ಟೇಪಿನ ಮೇಲೆ ಇಸ್ತ್ರಿ ಪೆಟ್ಟಿಗೆ ತಾಗಿತು. ಮುಂದಿನದ್ದನ್ನು ಬರೆಯದಿದ್ದರೆ ಒಳ್ಳೆಯದು. ಇಪ್ಪತ್ತು ವರ್ಷಗಳಿಂದ ಮಷಿನ್ ತುಳಿದವಳಿಗೆ, ಅಂಚು ನೇರವಾಗಿ ಹೊಲಿಯಲು ಗೆರೆಯೇ ಬೇಡ ಎಂದು ಬೀಗುತ್ತಿದ್ದವಳಿಗೆ, ಅಡಿಪಟ್ಟಿ ಹಿಡಿದುಕೊಂಡು ಒಂದನೆಯ ತರಗತಿಗೆ ಹೋಗಿ ಕುಳಿತಂತಾಯಿತು. ಹಳೆಯ ಕ್ವಿಲ್ಟ್‌ಗಾರ್ತಿಯರು ಈ ವಿಧಾನವನ್ನು ದೂರವಿಡಲು ಅವರು ಹೇಳುವ ಕಾರಣಗಳು ಹಲವು: ಕಾಗದ ಹರಿಯುವ ಬೇಸರ, ಚೂರುಗಳ ಕಸ, ಬಟ್ಟೆಯ ನಷ್ಟ. ಎಲ್ಲವೂ ನಿಜವೇ. ಆದರೆ ಹೇಳದೆ ಉಳಿಯುವ ಕಾರಣವೊಂದಿದೆ ಎಂಬುದು ನನ್ನ ಅನುಮಾನ, ಏಕೆಂದರೆ ನನ್ನೊಳಗೂ ಅದೇ ಇತ್ತು: ಚೆನ್ನಾಗಿ ಬರುವ ಕೆಲಸದಲ್ಲಿ ಮತ್ತೊಮ್ಮೆ ದಡ್ಡರಾಗಲು ಯಾರಿಗೂ ಮನಸ್ಸಿರುವುದಿಲ್ಲ.

ಬಟ್ಟೆಯ ನಷ್ಟದ ಮಾತು ಮಾತ್ರ ನೆಪವಲ್ಲ. ತುಂಡು ತನ್ನ ಮನೆಯನ್ನು ತಪ್ಪದೆ ಮುಚ್ಚಬೇಕಾದರೆ ಎಲ್ಲ ಕಡೆಯೂ ಕನಿಷ್ಠ ಅರ್ಧ ಇಂಚು ಹೆಚ್ಚಿಗೆ ಕತ್ತರಿಸಿ, ಹೊಲಿದ ಮೇಲೆ ಉಳಿದದ್ದನ್ನು ಕತ್ತರಿಸಿ ಬಿಸಾಡಬೇಕು. ಒಂದು ಕಮಾನಿಗೆ ಎಂಟು ಕಿರಣ, ಅವುಗಳ ನಡುವೆ ಮತ್ತು ಎರಡು ತುದಿಗಳಲ್ಲಿ ಒಂಬತ್ತು ಹಿನ್ನೆಲೆಯ ತುಂಡು, ಒಟ್ಟು ಹದಿನೇಳು. ಹದಿನಾರು ಕಮಾನುಗಳಿಗೆ 272 ತುಂಡುಗಳು. ಪ್ರತಿಯೊಂದರಿಂದಲೂ ಬೆರಳಗಲದ ಚೂರು ಬಿದ್ದರೆ ಕಸದ ಬುಟ್ಟಿಯಲ್ಲಿ ಒಂದು ರವಿಕೆಗಾಗುವಷ್ಟು ಬಟ್ಟೆ ಸೇರುತ್ತದೆ. ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಬೆಳೆದ ನನಗೆ ಇದನ್ನು ನೋಡುವುದೇ ಹಿಂಸೆ. ನಮ್ಮ ಅಜ್ಜಿ ಕೌದಿ ಹೊಲಿಯುತ್ತಿದ್ದರು. ಸವೆದ ಇಳಕಲ್ ಸೀರೆ, ಅಜ್ಜನ ಧೋತರ, ನಮ್ಮ ಹರಿದ ಲಂಗಗಳು, ಎಲ್ಲವೂ ಅದರೊಳಗೆ ಹೋಗುತ್ತಿದ್ದವು. ತುಂಡು ಎಷ್ಟಿದೆಯೋ ಅದೇ ಅದರ ಅಳತೆ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ನಾನು ಕಮಾನು ಹೊಲಿಯುವುದನ್ನು ನೋಡುತ್ತ ಕುಳಿತಿದ್ದ ಚಿಗವ್ವ, “ಅಲ್ಲವಾ, ಛಲೋ ಅರಿವಿ ಕತ್ತರಿಸಿ ಚಿಂದಿ ಮಾಡತಿ, ಚಿಂದಿ ಜೋಡಿಸಿ ಮತ್ತ ಅರಿವಿ ಮಾಡತಿ, ನಡುವ ಈ ಕಾಗದ ಯಾಕ?” ಎಂದು ಕೇಳಿದರು. ಅವರಿಗೆ ಕೊಡಬಹುದಾದ ಉತ್ತರ ಆಗ ಹೊಳೆಯಲಿಲ್ಲ.

ಆಮೇಲೆ ಹೊಳೆದದ್ದು ಉತ್ತರಕ್ಕಿಂತ ಸ್ವಲ್ಪ ಬೇರೆ. ಕೌದಿಯಲ್ಲೂ ತುಂಡುಗಳು ಗಾಳಿಯಲ್ಲಿ ಜೋಡಣೆಯಾಗುವುದಿಲ್ಲ. ಕೆಳಗೊಂದು ಹಳೆಯ ಸೀರೆಯ ಹಾಸು ಇರುತ್ತದೆ, ತುಂಡುಗಳು ಆ ಹಾಸಿನ ಮೇಲೆಯೇ ಕೂರುತ್ತವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನ ಮೂಲೆಯಿಂದ ಆರಂಭಿಸಿ, ತುಂಡಿನ ಪಕ್ಕಕ್ಕೆ ತುಂಡು ಇಟ್ಟು, ಎಲ್ಲ ಪದರಗಳನ್ನೂ ಹಿಡಿದು ಹೊಲಿಯುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫುಲಾ’ ಇಟ್ಟರೇ ಅದು ಪೂರ್ತಿಯಾದಂತೆ. ಅದೂ ಆಧಾರವೊಂದರ ಮೇಲಿನ ಹೊಲಿಗೆಯೇ. ಅಮೆರಿಕದಲ್ಲೂ ಹತ್ತೊಂಬತ್ತನೆಯ ಶತಮಾನದ ‘ಲಾಗ್ ಕ್ಯಾಬಿನ್’ (ನಡುವಿನ ಚೌಕದ ಸುತ್ತ ಪಟ್ಟಿಗಳನ್ನು ಜೋಡಿಸುವ ವಿನ್ಯಾಸ) ಕ್ವಿಲ್ಟ್‌ಗಳಲ್ಲಿ ಎಷ್ಟೋ ಹೀಗೆ ಹಳೆಯ ಬಟ್ಟೆಯ ಆಧಾರದ ಮೇಲೆ ಹೊಲಿದವು. 1930ರ ದಶಕದ ಮುಗ್ಗಟ್ಟಿನ ಕಾಲದಲ್ಲಿ ಹಳ್ಳಿಯ ಹೆಂಗಸರು ಕಿರಿದಾದ ಪಟ್ಟಿಗಳನ್ನು ಹಳೆಯ ದಿನಪತ್ರಿಕೆಯ ಹಾಳೆಗಳ ಮೇಲೆ ಹೊಲಿದು ಕಾಗದವನ್ನು ಹರಿದು ತೆಗೆಯುತ್ತಿದ್ದರು. ಹಾಗಾಗಿ ಕಾಗದ ಹೊಸದಲ್ಲ, ಆಧಾರವೂ ಹೊಸದಲ್ಲ. ಹೊಸದೆಂದರೆ ಕಾಗದದ ಮೇಲಿನ ಗೆರೆ. ಅಜ್ಜಿಯ ಹಾಸು ತುಂಡನ್ನು ಹಿಡಿದುಕೊಳ್ಳುತ್ತಿತ್ತು, ತುಂಡು ಎಲ್ಲಿ ಕೂರಬೇಕೆಂದು ಹೇಳುತ್ತಿರಲಿಲ್ಲ. ಈ ಕಾಗದ ಎರಡನ್ನೂ ಮಾಡುತ್ತದೆ, ಕೆಲಸ ಮುಗಿದ ಮೇಲೆ ಮಾತ್ರ ಉಳಿಯುವುದಿಲ್ಲ. ಕೌದಿಯ ಕೈ ಇರುವವರಿಗೆ ಇದರಲ್ಲಿ ಕಿರಿಕಿರಿಯಾಗುವುದು ಈ ಹೇಳಿಕೊಡುವಿಕೆ ಎಂದು ನನಗನ್ನಿಸುತ್ತದೆ.

ಕಾಗದದ ಹೊಲಿಗೆ ಎಂಬ ಹೆಸರಿನ ಇನ್ನೊಂದು ವಿಧಾನವಿದೆ, ಅದನ್ನು ಇದರೊಂದಿಗೆ ಕಲಸಬಾರದು. ಇಂಗ್ಲಿಷ್ ಪೇಪರ್ ಪೀಸಿಂಗ್ ಎನ್ನುವ ಅದರಲ್ಲಿ ಪ್ರತಿ ತುಂಡನ್ನೂ ಷಟ್ಕೋನದಂತಹ ಒಂದು ಕಾಗದದ ಅಚ್ಚಿಗೆ ಸುತ್ತಿ, ಕಚ್ಚಾ ಹೊಲಿಗೆ ಹಾಕಿ, ಅಂಚಿಗೆ ಅಂಚು ಸೇರಿಸಿ ಕೈಯಲ್ಲಿ ಹೊಲಿಯುತ್ತಾರೆ. ಮಷಿನ್ ಬೇಡ, ಅವಸರ ಬೇಡ, ಬಸ್ಸಿನಲ್ಲಿ ಕುಳಿತೂ ಮಾಡಬಹುದು. ಬ್ರಿಟನ್ನಿನ ಕ್ವಿಲ್ಟರ್ಸ್ ಗಿಲ್ಡ್ ಸಂಗ್ರಹದಲ್ಲಿ 1718 ಎಂದು ಇಸವಿ ಹೊಲಿದ ರೇಷ್ಮೆಯ ಹೊದಿಕೆಯೊಂದಿದೆ. ಅದೂ ಕಾಗದದ ಅಚ್ಚುಗಳ ಮೇಲೆ ಮಾಡಿದ್ದು, ಆ ಕಾಗದಗಳು ಇನ್ನೂ ಒಳಗೇ ಉಳಿದಿವೆ. ಅಮೆರಿಕದ ‘ಗೋಡೀಸ್ ಲೇಡೀಸ್ ಬುಕ್’ ಪತ್ರಿಕೆ ಷಟ್ಕೋನದ ಜೋಡಣೆಯನ್ನು 1835ರಲ್ಲಿ ಓದುಗರಿಗೆ ಹೇಳಿಕೊಟ್ಟಿತು. ಕುತೂಹಲದ ಸಂಗತಿಯೆಂದರೆ, ಮಷಿನ್ನಿನ ಪೇಪರ್ ಪೀಸಿಂಗ್ ಎಂದೊಡನೆ ಮುಖ ಸಿಂಡರಿಸುವವರೇ ಈ ಷಟ್ಕೋನಗಳ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ತಿರುಗುತ್ತಾರೆ. ಅಲ್ಲಿಯೂ ಅಳತೆ ಕಾಗದದ್ದೇ. ಆದರೆ ಬಟ್ಟೆ ಕೊನೆಯವರೆಗೂ ಕಣ್ಣೆದುರಿಗಿರುತ್ತದೆ.

ನನ್ನ ಮನಸ್ಸು ಸ್ವಲ್ಪ ತಿರುಗಿದ್ದು ಕೆಂಟಕಿಯ ಪಡೂಕಾದಲ್ಲಿ. ಅಲ್ಲಿ 1991ರಲ್ಲಿ ಆರಂಭವಾದ ರಾಷ್ಟ್ರೀಯ ಕ್ವಿಲ್ಟ್ ವಸ್ತುಸಂಗ್ರಹಾಲಯವಿದೆ, ನಮ್ಮಲ್ಲಿಂದ ಕಾರಿನಲ್ಲಿ ಎರಡೂವರೆ ಮೂರು ಗಂಟೆಯ ದಾರಿ. ದಿಕ್ಸೂಚಿಯಂತೆ ಕಿರಣಗಳು ಚಾಚಿದ ಕ್ವಿಲ್ಟ್ ಒಂದರ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ. ಒಂದು ಮೊನೆಯೂ ಮೊಂಡಾಗಿರಲಿಲ್ಲ. ಬಟ್ಟೆಯ ಲೆಕ್ಕ ನಿರ್ದಯವಾದದ್ದು. ಪ್ರತಿ ಜೋಡಣೆಯಲ್ಲೂ ಇಂಚಿನ ಹದಿನಾರನೆಯ ಒಂದು ಭಾಗ ತಪ್ಪಿದರೆ ಎಂಟು ಜೋಡಣೆಗಳ ಕೊನೆಗೆ ಅರ್ಧ ಇಂಚು ತಪ್ಪಿರುತ್ತದೆ, ಅಷ್ಟರಲ್ಲಿ ಕಿರಣದ ಮೊನೆ ಪಕ್ಕದ ತುಂಡಿನೊಳಗೆ ಮುಳುಗಿಹೋಗಿರುತ್ತದೆ. ಗೆರೆಯ ಮೇಲೆ ಹೊಲಿದಾಗ ಈ ತಪ್ಪು ಒಂದರ ಮೇಲೊಂದು ಸೇರುತ್ತ ಹೋಗುವುದಿಲ್ಲ. ಓರೆಯಾಗಿ ಕತ್ತರಿಸಿದ ಅಂಚು ಎಳೆದಷ್ಟು ಹಿಗ್ಗುತ್ತದೆ ಎಂಬುದು ಹೊಲಿಯುವವರೆಲ್ಲರಿಗೂ ಗೊತ್ತು. ಕಾಗದ ಅದನ್ನೂ ಹಿಗ್ಗಲು ಬಿಡುವುದಿಲ್ಲ.

ಅದು ಪೂರ್ತಿಯಾಗಿ ಮನದಟ್ಟಾದದ್ದು ಗುಳೇದಗುಡ್ಡದ ಖಣದಿಂದ. ತಾಯಿ ಕೊಟ್ಟ ಕೆಲವು ಖಣಗಳು ಹತ್ತು ವರ್ಷಗಳಿಂದ ಪೆಟ್ಟಿಗೆಯಲ್ಲಿದ್ದವು. ಖಣವನ್ನು ಸಣ್ಣದಾಗಿ ಕತ್ತರಿಸಿದರೆ ಅಂಚಿನ ಎಳೆಗಳು ಬಿಡುತ್ತವೆ, ಹೊಲಿಯುವಾಗ ಜಾರುತ್ತದೆ, ಬಿಸಿ ಇಸ್ತ್ರಿಯನ್ನು ನೇರವಾಗಿ ಇಡಲು ಧೈರ್ಯವಾಗುವುದಿಲ್ಲ. ಸಾಮಾನ್ಯ ವಿಧಾನದಲ್ಲಿ ಅದನ್ನು ಕಿರಣವಾಗಿಸಲು ನಾನು ಎರಡು ಸಲ ಸೋತಿದ್ದೆ. ಕಾಗದದ ಮೇಲೆ ಅದು ಹೇಳಿದ ಹಾಗೆ ಕೇಳಿತು. ಚಿಗವ್ವನ ಪ್ರಶ್ನೆಗೆ ಉತ್ತರ ಬಹುಶಃ ಇದೇ ಇದ್ದೀತು, ಆದರೆ ಫೋನಿನಲ್ಲಿ ಹೇಳಿದಾಗ ಅವರು, ಖಣ ಕತ್ತರಿಸಿದೆಯಾ ಎಂಬಲ್ಲಿಗೇ ನಿಂತುಬಿಟ್ಟರು.

ಹಾಗೆಂದು ಕಾಗದ ಹರಿಯುವ ಕೆಲಸವನ್ನು ನಾನು ಪ್ರೀತಿಸಲು ಕಲಿತಿಲ್ಲ. ಪ್ಲಾಸ್ಟಿಕ್ ಲೇಪದ ಫ್ರೀಜರ್ ಪೇಪರನ್ನು ಇಸ್ತ್ರಿಯಿಂದ ಬಟ್ಟೆಗೆ ಅಂಟಿಸಿ, ಗೆರೆಯಲ್ಲಿ ಮಡಚಿ, ಮಡಿಕೆಯ ಪಕ್ಕದಲ್ಲಿ ಹೊಲಿದರೆ ಕಾಗದಕ್ಕೆ ಸೂಜಿಯೇ ತಾಗುವುದಿಲ್ಲ, ಅದೇ ಕಾಗದವನ್ನು ಹಲವು ಸಲ ಬಳಸಬಹುದು. ನೇರವಾದ ಅಂಚುಗಳ ಸಣ್ಣ ವಿನ್ಯಾಸಗಳಿಗೆ ನಾನೀಗ ಅದನ್ನೇ ಹಿಡಿದಿದ್ದೇನೆ. ಚೌಕಗಳಿಗೂ ಪಟ್ಟಿಗಳಿಗೂ ಕಾಗದ ಬಳಸುವವರನ್ನು ಕಂಡರೆ ನನಗೆ ಇಂದಿಗೂ ಅರ್ಥವಾಗುವುದಿಲ್ಲ. ಕೈಗೆ ಬರುವ ಕೆಲಸವನ್ನು ಕೈಗೇ ಬಿಡಬೇಕು.

ಕಾಗದ ಮುಟ್ಟುವುದಿಲ್ಲ ಎಂದಿದ್ದ ಹಿರಿಯರ ವಾದದಲ್ಲಿ ಒಂದು ಬಲವಾದ ಅಂಶವಿತ್ತು. ಈ ವಿನ್ಯಾಸಕ್ಕೆ ನ್ಯೂಯಾರ್ಕಿನ ಹೆಸರು ಬಂದದ್ದೇ 1930ರಲ್ಲಿ, ಕ್ವಿಲ್ಟಿನ ಒಳಗಿನ ಹತ್ತಿಯ ಪದರ ಮಾರುತ್ತಿದ್ದ ಕಂಪನಿಯೊಂದು ಇದನ್ನು ಆ ಹೆಸರಿನಲ್ಲಿ ಪ್ರಕಟಿಸಿದಾಗ. ಅದಕ್ಕಿಂತ ಎಷ್ಟೋ ದಶಕಗಳ ಮೊದಲೇ ಬೇರೆ ಹೆಸರುಗಳಲ್ಲಿ ದಕ್ಷಿಣದ ರಾಜ್ಯಗಳ ಹೆಂಗಸರು ಇದನ್ನು ಹೊಲಿದಿದ್ದರು, ಮುದ್ರಿತ ಕಾಗದ ಎಲ್ಲಿತ್ತು ಆಗ, ಎಂದು ಅವರು ಕೇಳಿದ್ದರು. ಅದಕ್ಕೆ ಎದುರು ಹೇಳಲು ನಮ್ಮಲ್ಲಿ ಏನೂ ಇರಲಿಲ್ಲ. ಆದರೆ ಕಳೆದ ತಿಂಗಳು ಅವರು ನನ್ನ ಹನ್ನೊಂದು ಕಮಾನುಗಳನ್ನು ಬೆಳಕಿಗೆ ಹಿಡಿದು, ಕನ್ನಡಕ ಸರಿಪಡಿಸಿಕೊಂಡು, ಒಂದೊಂದೇ ಮೊನೆಯನ್ನು ಉಗುರಿನಿಂದ ಮುಟ್ಟಿ ನೋಡಿದರು. ಕಾಗದದ ಕೆಲಸ ಕಮಾನಿಗೆ ಮುಗಿಯುತ್ತದೆ. ಕಮಾನನ್ನು ಒಳಗಿನ ಮತ್ತು ಹೊರಗಿನ ಬಟ್ಟೆಗೆ ಸೇರಿಸುವ ಬಾಗಿದ ಹೊಲಿಗೆಗೆ ಯಾವ ಗೆರೆಯ ಸಹಾಯವೂ ಇಲ್ಲ, ಗುಂಡುಸೂಜಿ ಮತ್ತು ಬೆರಳು ಮಾತ್ರ. ಅಲ್ಲಿ ನನ್ನದು ಪ್ರತಿ ಸಲವೂ ಸುಕ್ಕಾಗುತ್ತದೆ, ಅವರದ್ದು ನೀರಿನಂತೆ ಹರಿಯುತ್ತದೆ. ಅವರ ಹದಿನಾರು ಕಮಾನುಗಳನ್ನು ನಾನು ಹೊಲಿಯುವುದು, ನನ್ನ ಹದಿನಾರರ ಬಾಗನ್ನು ಅವರು ಹೊಲಿಯುವುದು ಎಂದು ಒಪ್ಪಂದವಾಯಿತು.

ಮೊನ್ನೆ ಅವರು ಬಟ್ಟೆಯ ಪೊಟ್ಟಣ ತಂದುಕೊಟ್ಟರು. ಮನೆಗೆ ಬಂದು ಬಿಚ್ಚಿ ನೋಡಿದರೆ 272 ತುಂಡುಗಳನ್ನೂ ಲೆಕ್ಕ ಹಾಕಿ, ಸುತ್ತಲೂ ಸರಿಯಾಗಿ ಕಾಲು ಇಂಚು ಮಾರ್ಜಿನ್ ಬಿಟ್ಟು, ಕೂದಲೆಳೆಯಷ್ಟೂ ಹೆಚ್ಚಿಲ್ಲದಂತೆ ಕತ್ತರಿಸಿದ್ದಾರೆ. ಕಾಗದದ ಹೊಲಿಗೆಗೆ ಅವುಗಳಲ್ಲಿ ಒಂದೂ ಸಾಲುವುದಿಲ್ಲ. ಫೋನ್ ಮಾಡಿ, ಪ್ರತಿ ತುಂಡೂ ಇನ್ನೂ ದೊಡ್ಡದಿರಬೇಕಿತ್ತು, ಹೊಲಿದ ಮೇಲೆ ಉಳಿದದ್ದನ್ನು ಕತ್ತರಿಸಿ ತೆಗೆಯುತ್ತೇವೆ ಎಂದು ವಿವರಿಸಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಅವರು, ಹಾಗೆ ಕತ್ತರಿಸಿದ ಚೂರುಗಳನ್ನು ಒಂದೂ ಬಿಡದೆ ತಮಗೆ ವಾಪಸು ಕೊಡುವುದಾದರೆ ಮತ್ತೆ ಬಟ್ಟೆ ಕಳಿಸುತ್ತೇನೆ ಎಂದರು.