ಕಾರ್ಬನ್‌ಗೆ ಒರೆಗಲ್ಲು ಇಲ್ಲ

ಮೈಸೂರಿನ ಅಶೋಕ ರಸ್ತೆಯ ಹತ್ತಿರ ನಮ್ಮದೊಂದು ಸಣ್ಣ ಚಿನ್ನ ಬೆಳ್ಳಿ ಅಂಗಡಿ ಇದೆ. ತಾತ ಶುರು ಮಾಡಿದ್ದು, ಈಗ ನಾನು ಕೂರುತ್ತೇನೆ. ಬೆಳಗ್ಗೆ ಐದೂವರೆಗೆ ಸೈಕಲ್ ಹತ್ತಿ ಚಾಮುಂಡಿ ಬೆಟ್ಟ, ಹತ್ತು ಗಂಟೆಗೆ ಅಂಗಡಿ. ಹನ್ನೊಂದು ವರ್ಷದಿಂದ ಇದೇ ದಿನಚರಿ. ಸೈಕಲ್ಲೂ ಅದೇ ಹಳೆಯ ಅಲ್ಯೂಮಿನಿಯಂ ಫ್ರೇಮಿನ ರೋಡ್ ಬೈಕ್, ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕಿನದು.

ಚಿನ್ನದವನಿಗೆ ತೂಕದ ಹುಚ್ಚು ಹುಟ್ಟಿನಿಂದಲೇ ಬಂದಿರುತ್ತದೆ. ಬೇರೆಯವರು ಸೈಕಲ್ ತೂಕ ಕಿಲೋದಲ್ಲಿ ಹೇಳಿದರೆ ನನಗೆ ಗ್ರಾಂ ಬೇಕು. ಬಾಟಲಿ ಸಿಕ್ಕಿಸುವ ಕೇಜನ್ನೂ ಬಿಚ್ಚಿ ಅಂಗಡಿಯ ತಕ್ಕಡಿಗೆ ಹಾಕಿದವನು ನಾನು. 46 ಗ್ರಾಂ ಇತ್ತು. ಅದೇ ಕಾರ್ಬನ್‌ನದ್ದು, ಅಂದರೆ ಕಾರ್ಬನ್ ನಾರನ್ನು ಅಂಟಿನಂಥ ರಾಳದಲ್ಲಿ ಕೂಡಿಸಿ ಮಾಡಿದ್ದು, 24 ಗ್ರಾಂ ಅಂತ ಯಾರೋ ಹೇಳಿದರು. ಅಲ್ಲಿಗೆ ಮುಗಿಯಿತು, ತಲೆಗೆ ಹುಳ ಬಿಟ್ಟ ಹಾಗಾಯಿತು.

ಮೊದಲೆಲ್ಲ ಇಂಥ ಸಾಮಾನು ತರಿಸುವುದು ಸುಲಭವಿತ್ತು. 2020ರ ನವೆಂಬರ್‌ನಲ್ಲಿ ಸರ್ಕಾರ ಇನ್ನೊಂದು 43 ಆ್ಯಪ್‌ಗಳನ್ನು ನಿಲ್ಲಿಸಿದಾಗ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್ ಕೂಡ ಹೋಯಿತು. ಆಮೇಲೆ ಉಳಿದ ದಾರಿ ಎರಡೇ. ವಿದೇಶದಿಂದ ಬರುವ ನೆಂಟರ ಸೂಟ್‌ಕೇಸು, ಇಲ್ಲವೇ ಚೀನಾದ ಮಾರಾಟಗಾರರಿಗೆ ನೇರವಾಗಿ ಬರೆದು ಕೊರಿಯರ್‌ನಲ್ಲಿ ತರಿಸುವುದು. ನಾನು 2022ರಲ್ಲಿ ಎರಡನೆಯ ದಾರಿ ಹಿಡಿದೆ. ವಾಟ್ಸ್‌ಆ್ಯಪ್‌ನಲ್ಲಿ ಸಿಕ್ಕ ಮಾರಾಟಗಾರ ಬಹಳ ಮರ್ಯಾದೆಯ ಮನುಷ್ಯ, ಪ್ರತಿ ಸಾಲಿಗೂ ‘ಡಿಯರ್ ಫ್ರೆಂಡ್’. ಎರಡು ಕೇಜು, ಸೀಟು ಹೊರುವ ಕೊಳವೆ ಅಂದರೆ 27.2 ಮಿಲಿಮೀಟರಿನ ಒಂದು ಸೀಟ್‌ಪೋಸ್ಟ್, ಹ್ಯಾಂಡಲ್‌ಬಾರನ್ನು ಸೈಕಲ್ಲಿಗೆ ಸೇರಿಸುವ 100 ಮಿಲಿಮೀಟರಿನ ಒಂದು ಸ್ಟೆಮ್. ಸಾಮಾನಿಗೆ 62 ಡಾಲರ್, ಕೊರಿಯರ್‌ಗೆ 30.

ಅಗ್ಗವಾಯಿತು ಅಂದುಕೊಂಡೆ. ಕೊರಿಯರ್‌ನವರು ಆಧಾರ್ ಕೇಳಿದರು, ಕೊಟ್ಟೆ. ಆಮೇಲೆ ಸುಂಕದ ಚೀಟಿ ಬಂತು. ಸ್ವಂತ ಬಳಕೆಗೆ ತರಿಸಿದ ಮಾಲಿಗೆ ಆಗ ಮೂಲ ಸುಂಕ ಶೇ. 35, ಅದರ ಮೇಲೆ ಹತ್ತನೇ ಒಂದರಷ್ಟು ಸರ್‌ಚಾರ್ಜ್, ಇವೆಲ್ಲ ಸೇರಿದ್ದರ ಮೇಲೆ ಶೇ. 28 ಐಜಿಎಸ್‌ಟಿ. ಒಟ್ಟು ಶೇ. 77.28. ಅದೂ ಬರೀ ಸಾಮಾನಿನ ಮೇಲಲ್ಲ, ಕೊರಿಯರ್ ಖರ್ಚನ್ನೂ ಸೇರಿಸಿ ಲೆಕ್ಕ. ಏಳು ಸಾವಿರ ಚಿಲ್ಲರೆಯ ಮಾಲು ಮನೆ ಬಾಗಿಲಿಗೆ ಬರುವಾಗ ಹದಿಮೂರು ಸಾವಿರ ದಾಟಿತ್ತು. ಗಿಫ್ಟ್ ಅಂತ ಬರೆಸಿದ್ದರೆ ಉಳಿಯುತ್ತಿತ್ತು ಅಂತ ಒಬ್ಬ ಗೆಳೆಯ ಹೇಳಿದ. ಆ ವಿನಾಯಿತಿ 2019ರಲ್ಲೇ ಹೋಗಿದೆ. ಅಲ್ಲದೆ ದಿನವಿಡೀ ಬಿಲ್ ಬರೆಯುವವನು ನಾನು, ಸುಳ್ಳು ಬಿಲ್ ಬರೆಸುವುದು ನನ್ನಿಂದ ಆಗದು.

ಪೆಟ್ಟಿಗೆ ಅಂಗಡಿಯಲ್ಲೇ ಬಿಚ್ಚಿದೆ. ನೋಡಲು ಎಷ್ಟು ಚೆಂದ ಗೊತ್ತಾ? ಕಪ್ಪು ರೇಷ್ಮೆ ನೇಯ್ದ ಹಾಗೆ. ಆ ಚೌಕುಳಿ ನೇಯ್ಗೆಗೆ 3ಕೆ ಅನ್ನುತ್ತಾರೆ, ಒಂದೊಂದು ಎಳೆಯಲ್ಲಿ ಮೂರು ಸಾವಿರ ತಂತು ಇರುತ್ತದೆ ಅಂತ ಅರ್ಥ. ಹೆಚ್ಚಿನ ಸಾಮಾನುಗಳಲ್ಲಿ ಭಾರ ಹೊರುವುದು ಒಳಗಿನ ಪದರಗಳು, ಒಂದೇ ದಿಕ್ಕಿಗೆ ಮಲಗಿಸಿದ ತಂತುಗಳು. ಮೇಲಿನ ನೇಯ್ಗೆ ಸುಮ್ನೆ ಚೆಂದಕ್ಕೆ. ಸ್ಟೆಮ್ ಮೇಲೆ ‘ಫುಲ್ ಕಾರ್ಬನ್ ಟಿ800’ ಅಂತ ಹೊಳೆಯುವ ಸ್ಟಿಕರ್ ಬೇರೆ. ಟಿ700, ಟಿ800 ಇವೆಲ್ಲ ಜಪಾನಿನ ಟೋರೆ ಕಂಪನಿ ತನ್ನ ನಾರುಗಳಿಗೆ ಇಟ್ಟ ಹೆಸರು. ಆದರೆ ಸ್ಟಿಕರ್ ಯಾರು ಬೇಕಾದರೂ ಅಚ್ಚು ಹಾಕಬಹುದಲ್ವಾ?

ಇಲ್ಲಿ ನನ್ನ ಕಸುಬು ಎದ್ದು ಕೂತಿತು. ನಮ್ಮಲ್ಲಿ ಯಾರಾದರೂ ಬಳೆ ತಂದು 22 ಕ್ಯಾರಟ್ ಅಂದರೆ ಒರೆಗಲ್ಲಿಗೆ ಉಜ್ಜುತ್ತೇವೆ, ಆಸಿಡ್ ಹನಿ ಬಿಡುತ್ತೇವೆ. ಅನುಮಾನ ಇದ್ದರೆ ನೀರಿನಲ್ಲಿ ತೂಗುತ್ತೇವೆ. 22 ಕ್ಯಾರಟ್ ಚಿನ್ನದ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು, ಸುಮಾರು 17.7. ಒಳಗೆ ತಾಮ್ರ ತುಂಬಿದ್ದರೆ ಅಂಕಿ ತಟ್ಟನೆ ಇಳಿಯುತ್ತದೆ. ಅದೇ ಆಟ ಸ್ಟೆಮ್‌ಗೂ ಆಡೋಣ ಅನ್ನಿಸಿತು. ಅಲ್ಯೂಮಿನಿಯಂ 2.7, ಕಾರ್ಬನ್ ಮತ್ತು ರಾಳ ಸೇರಿದ್ದು 1.6ರ ಆಸುಪಾಸು. ಇಷ್ಟು ಅಂತರ ಇದ್ದರೆ ಕಣ್ಣು ಮುಚ್ಚಿ ಹೇಳಬಹುದು.

ಮಾಡುವುದು ಸುಲಭ, ಮನೆಯ ಅಡುಗೆ ತಕ್ಕಡಿಯಲ್ಲೂ ಆಗುತ್ತದೆ. ಮೊದಲು ಬೋಲ್ಟ್ ಎಲ್ಲ ಬಿಚ್ಚಿ ಸಾಮಾನನ್ನು ಒಣಗಿದ್ದಾಗ ತೂಗಬೇಕು. ಆಮೇಲೆ ನೀರು ತುಂಬಿದ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಸಾಮಾನಿಗೆ ದಾರ ಕಟ್ಟಿ ಪೂರ್ತಿ ಮುಳುಗಿಸಿ ಹಿಡಿಯಬೇಕು. ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು. ಒಳಗಿನ ಗಾಳಿಗುಳ್ಳೆ ಅಲ್ಲಾಡಿಸಿ ಬಿಡಿಸಬೇಕು. ತಕ್ಕಡಿ ತೋರಿಸುವ ಗ್ರಾಮೇ ಅದರ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ.

ನಾನು ಬೆಳ್ಳಿ ಪಾತ್ರೆ ತೂಗುವ ದೊಡ್ಡ ತಕ್ಕಡಿ ಬಳಸಿದೆ. ಸ್ಟೆಮ್ 128 ಗ್ರಾಂ, ಗಾತ್ರ 52. ಭಾಗಿಸಿದರೆ 2.46. ಅಂದರೆ ಒಳಗೆ ಸುಮಾರು 110 ಗ್ರಾಂ ಅಲ್ಯೂಮಿನಿಯಂ, ಮೇಲೆ 18 ಗ್ರಾಂ ಕಪ್ಪು ಅಂಗಿ. ನಮ್ಮ ಭಾಷೆಯಲ್ಲಿ ರೋಲ್ಡ್ ಗೋಲ್ಡ್! ಬೋಲ್ಟ್ ಸೇರಿಸಿದರೆ ನನ್ನ ಹಳೆಯ ಸ್ಟೆಮ್‌ಗಿಂತ 8 ಗ್ರಾಂ ಜಾಸ್ತಿಯೇ ತೂಗಿತು. ಕೆಲಸದ ಹುಡುಗ ಬಿದ್ದು ಬಿದ್ದು ನಕ್ಕ. ಮಾರಾಟಗಾರನಿಗೆ ಲೆಕ್ಕ ಬರೆದು ಕಳಿಸಿದೆ. ‘ಡಿಯರ್ ಫ್ರೆಂಡ್, ವೆರಿ ಸ್ಟ್ರಾಂಗ್’ ಅಂತ ಉತ್ತರ ಬಂತು. ಸೈಕಲ್ ಭಾಗಗಳ ಸುರಕ್ಷತೆಗೆ ಐಎಸ್‌ಒ 4210 ಅಂತ ಒಂದು ಮಾನದಂಡ ಇದೆ, ಅದರ ವರದಿ ಕಳಿಸಿ ಅಂದೆ. ಬೇರೆ ಯಾವುದೋ ಹ್ಯಾಂಡಲ್‌ಬಾರಿನ ಪಿಡಿಎಫ್ ಕಳಿಸಿದ.

ಸೀಟ್‌ಪೋಸ್ಟ್ ಮಾತ್ರ ಪಾಸಾಯಿತು. ಕ್ಲಾಂಪ್ ಬಿಚ್ಚಿದಾಗ 136 ಗ್ರಾಂ, ಗಾತ್ರ 88, ಅಂದರೆ 1.55. ಅಪ್ಪಟ ಕಾರ್ಬನ್. ಖುಷಿಯಿಂದ ಹಾಕಿಕೊಂಡೆ. ನಾನು ಎಡವಿದ್ದೇ ಇಲ್ಲಿ.

ಮೊದಲ ವಾರ ಬೆಟ್ಟ ಹತ್ತುವಾಗ ಸೀಟು ನಿಧಾನವಾಗಿ ಕೆಳಗೆ ಜಾರಿತು. ನುಣುಪಾದ ಕಾರ್ಬನ್‌ಗೆ ಹಿಡಿತ ಸಾಲದು. ಅದಕ್ಕೆಂದೇ ಮರಳಿನಂಥ ಕಣಗಳಿರುವ ಒಂದು ಪೇಸ್ಟ್ ಬರುತ್ತದೆ, ಅದನ್ನು ಸವರಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ 5 ನ್ಯೂಟನ್ ಮೀಟರಿನ ಸುತ್ತಮುತ್ತ ಬಿಗಿದರೆ ಸಾಕು. ನಾನೇನು ಮಾಡಿದೆ? ಸಣ್ಣ ತಿರುಪು ಬಿಗಿಯುವುದರಲ್ಲೇ ಬೆಳೆದ ಕೈ, ಇದಕ್ಕೊಂದು ವ್ರೆಂಚ್ ಬೇಕಾ ಅಂತ ಕೈಯಳತೆಯಲ್ಲೇ ಇನ್ನೂ ಅರ್ಧ ಸುತ್ತು ಬಿಗಿದೆ. ಜಾರುವುದು ನಿಂತಿತು.

ಏಳು ತಿಂಗಳಾದ ಮೇಲೆ ‘ಟಿಕ್ ಟಿಕ್’ ಶುರುವಾಯಿತು. ಪೆಡಲಿನದು ಇರಬೇಕು ಅಂತ ಎರಡು ವಾರ ಪೆಡಲಿಗೆ ಗ್ರೀಸ್ ಹಾಕಿದೆ. ಒಂದು ಭಾನುವಾರ ಸೀಟ್‌ಪೋಸ್ಟ್ ಎಳೆದು ಒರೆಸಿದಾಗ, ಫ್ರೇಮಿನ ಪಟ್ಟಿ ಕಚ್ಚುವ ಜಾಗದಲ್ಲೇ ಕೂದಲಿನಷ್ಟು ಸಣ್ಣ ಬಿರುಕು. ಹಳೆಯ ಬೆಳ್ಳಿ ರೂಪಾಯಿಯನ್ನು ಅಪ್ಪ ಕಲ್ಲಿನ ಮೇಲೆ ಹಾಕಿ ಸದ್ದು ಕೇಳುತ್ತಿದ್ದರು, ಖೋಟಾ ಆದರೆ ನಾದ ಬರುವುದಿಲ್ಲ. ನಾನು ಒಂದು ನಾಣ್ಯ ತೆಗೆದು ಸೀಟ್‌ಪೋಸ್ಟಿನ ಉದ್ದಕ್ಕೂ ತಟ್ಟಿದೆ. ಟಣ್, ಟಣ್, ಟಣ್. ಬಿರುಕಿನ ಹತ್ತಿರ ದಬ್. ಪದರಗಳು ಬಿಟ್ಟುಕೊಂಡಿದ್ದವು. ಆ ಗುರುವಾರವಷ್ಟೇ ಅದರ ಮೇಲೆ 82 ಕಿಲೋ ಹೊತ್ತುಕೊಂಡು ಬೆಟ್ಟ ಇಳಿದಿದ್ದೆ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಬಿಸಾಡುವ ಮೊದಲು ಗರಗಸದಲ್ಲಿ ಕೊಯ್ದು ನೋಡಿದೆ. ಮಾಸ್ಕ್ ಹಾಕಿ, ನೀರು ಬಿಟ್ಟುಕೊಂಡು ಕೊಯ್ಯಬೇಕು, ಆ ಧೂಳು ಒಳ್ಳೆಯದಲ್ಲ. ಒಳಗೆ ಕೊಳವೆಯ ಗೋಡೆ ಒಂದು ಕಡೆ 2.1 ಮಿಲಿಮೀಟರ್, ಎದುರಿಗೆ 3. ನಾರು ಸುಕ್ಕುಗಟ್ಟಿದ ಜಾಗ ಇತ್ತು. ರಾಳ ಬೆಲ್ಲದ ಪಾಕದ ಹಾಗೆ ಒಂದೆಡೆ ಮಡುಗಟ್ಟಿತ್ತು. ಅಚ್ಚಿನೊಳಗೆ ಗಾಳಿ ತುಂಬಲು ಬಳಸಿದ ಪ್ಲಾಸ್ಟಿಕ್ ಚೀಲದ ಚೂರು ಇನ್ನೂ ಅಂಟಿಕೊಂಡಿತ್ತು. ನನ್ನ ತಪ್ಪು ಅರ್ಧ, ಮಾಡಿದವನ ತಪ್ಪು ಅರ್ಧ ಅಂದುಕೊಂಡೆ. ನೀರಿನ ಪರೀಕ್ಷೆ ಇದು ಕಾರ್ಬನ್ನೋ ಅಲ್ಲವೋ ಅಷ್ಟೇ ಹೇಳುತ್ತದೆ. ಪದರ ಹೇಗೆ ಜೋಡಿಸಿದ್ದಾರೆ ಅಂತ ಹೇಳುವುದಿಲ್ಲ. ಚಿನ್ನಕ್ಕಾದರೆ ಒರೆಗಲ್ಲಿದೆ. 2023ರ ಏಪ್ರಿಲ್‌ನಿಂದ ಒಂದೊಂದು ಒಡವೆಗೂ ಬೇರೆಯಾಗಿರುವ ಆರು ಅಕ್ಷರ-ಅಂಕಿಯ ಗುರುತು ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಈ ಕಪ್ಪು ಕೊಳವೆಯ ಒಳಗನ್ನು ನೋಡಬೇಕಾದರೆ ಕೊಯ್ಯಬೇಕು, ಕೊಯ್ದರೆ ಅದು ಸೀಟ್‌ಪೋಸ್ಟ್ ಅಲ್ಲ.

ಹಾಗಂತ ‘ಚೀನಾ ಮಾಲು’ ಅಂತ ಮೂಗು ಮುರಿಯುವವರ ಜೊತೆ ನಾನಿಲ್ಲ. ದೊಡ್ಡ ದೊಡ್ಡ ಹೆಸರಿನ ಸೈಕಲ್ಲುಗಳೂ ಚೀನಾದ ಶಿಯಾಮೆನ್ ಕಡೆಯಿಂದಲೋ ತೈವಾನಿನ ತೈಚುಂಗ್ ಕಡೆಯಿಂದಲೋ ಬರುತ್ತವೆ. ಅಲ್ಲಿ ಚೆನ್ನಾಗಿ ಮಾಡಲು ಗೊತ್ತಿಲ್ಲ ಅಂತಲ್ಲ. ಕೊಟ್ಟ ದುಡ್ಡಿಗೆ ಎಷ್ಟು ಜನ ಎಷ್ಟು ಸಲ ಪರೀಕ್ಷೆ ಮಾಡಿದ್ದಾರೆ ಅನ್ನುವುದೇ ಪ್ರಶ್ನೆ. ಹಾಗಾಗಿ ನನ್ನ ಲೆಕ್ಕ ಈಗ ಬೇರೆ. ಮುರಿದರೆ ಏನಾಗುತ್ತದೆ ಅಂತ ಮೊದಲು ಕೇಳಿಕೊಳ್ಳುತ್ತೇನೆ. ಕೇಜು ಮುರಿದರೆ ಬಾಟಲಿ ಬೀಳುತ್ತದೆ, ಬೀಳಲಿ. ಆ ಎರಡು ಕೇಜು ಇವತ್ತಿಗೂ ಸೈಕಲ್ ಮೇಲಿವೆ, ಬಂಗಾರದಂಥವು. ಹ್ಯಾಂಡಲ್‌ಬಾರ್ ಮತ್ತು ಮುಂದಿನ ಫೋರ್ಕ್ ಮುರಿದರೆ ಹಲ್ಲು ಹೋಗುತ್ತದೆ. ಅವುಗಳಲ್ಲಿ ಅಗ್ಗದ್ದು ನನಗೆ ಬೇಡವೇ ಬೇಡ.

ಸೀಟ್‌ಪೋಸ್ಟ್ ಜಾಗಕ್ಕೆ ಹಳೆಯ ಅಲ್ಯೂಮಿನಿಯಂ ವಾಪಸ್ ಬಂತು, ಅದರ ಜೊತೆ 74 ಗ್ರಾಂ ಕೂಡ. ಕೊನೆಗೆ ಉಳಿದ ಉಳಿತಾಯ ಕೇಜುಗಳ 44 ಗ್ರಾಂ ಮಾತ್ರ. ‘ನಮ್ಮಂಗಡಿಯಲ್ಲಿ 44 ಗ್ರಾಂ ಅಂದರೆ ಒಂದು ಒಳ್ಳೆ ಸರ’ ಅಂದಳು ಹೆಂಡತಿ. ಬೆಟ್ಟ ಇಳಿದ ಮೇಲೆ ನಾನು ತಿನ್ನುವ ಎರಡನೇ ಮಸಾಲೆ ದೋಸೆ ಎಷ್ಟು ಗ್ರಾಂ ಅಂತಲೂ ಕೇಳಿದಳು. ಆ ರೋಲ್ಡ್ ಗೋಲ್ಡ್ ಸ್ಟೆಮ್ ಗಲ್ಲಾಪೆಟ್ಟಿಗೆ ಪಕ್ಕದಲ್ಲಿದೆ, ಬಿಲ್ ಹಾಳೆ ಹಾರದ ಹಾಗೆ.

ಕಾರ್ಬನ್ ಚಕ್ರದ ಆಸೆ ಮಾತ್ರ ಪೂರ್ತಿ ಹೋಗಿಲ್ಲ. ಆದರೆ ನನ್ನದು ರಿಮ್ ಬ್ರೇಕ್. ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಬಂದರೆ ಕಾರ್ಬನ್ ರಿಮ್ ಕಾಯುತ್ತದೆ, ಅಗ್ಗದ ರಾಳ ಮೆತ್ತಗಾಗುತ್ತದೆ, ರಿಮ್ಮಿನ ಅಂಚು ಉಬ್ಬಿ ಟೈರೇ ಕಳಚಬಹುದು. ಡಿಸ್ಕ್ ಬ್ರೇಕ್ ಆದರೆ ರಿಮ್ಮನ್ನಲ್ಲ, ಚಕ್ರದ ನಡುವಿನ ಬಿಲ್ಲೆಯನ್ನು ಹಿಡಿಯುತ್ತದೆ, ಆ ಭಯ ಇಲ್ಲ. ಕಳೆದ ವಾರ ಡಿಯರ್ ಫ್ರೆಂಡ್ 50 ಮಿಲಿಮೀಟರ್ ಆಳದ ರಿಮ್ ಇರುವ ಚಕ್ರಗಳ ಫೋಟೋ ಕಳಿಸಿದ್ದ. ‘ಡಿಸ್ಕ್ ಬ್ರೇಕ್ ಸೈಕಲ್ ತಗೊಂಡ ಮೇಲೆ ಮಾತಾಡೋಣ’ ಅಂತ ಟೈಪ್ ಮಾಡಿ, ಕಳಿಸದೆ ಅಳಿಸಿದೆ. ಹೆಂಡತಿ ಪಕ್ಕದಲ್ಲೇ ಕೂತು ದಿನದ ಲೆಕ್ಕ ನೋಡುತ್ತಿದ್ದಳು.