ವಿಮಾನ ಒಂದು, ಸಂಖ್ಯೆ ನಾಲ್ಕು

ರೇಡಾರ್ ಟ್ರ್ಯಾಕರ್‌ಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ರೇಡಾರಿಗೆ ಕಾಣುವ ಬಿಂದುಗಳನ್ನು ಜೋಡಿಸಿ, ವಿಮಾನದ ಜಾಡನ್ನು (ಟ್ರ್ಯಾಕ್) ಒಂದು ಸಂಖ್ಯೆಯಡಿ ಹಿಡಿದಿಡುವ ತಂತ್ರಾಂಶವೇ ಟ್ರ್ಯಾಕರ್. ಪ್ರಯೋಗಕ್ಕೆಂದು ಹಾರಿಸುವ ವಿಮಾನದಲ್ಲಿ ಜಿಪಿಎಸ್ ದಾಖಲೆಯಾಗುತ್ತಿರುತ್ತದೆ. ಟ್ರ್ಯಾಕರ್ ತೋರಿಸಿದ ಜಾಗಕ್ಕೂ ವಿಮಾನ ನಿಜವಾಗಿ ಇದ್ದ ಜಾಗಕ್ಕೂ ಎಷ್ಟು ಅಂತರವೆಂದು ಅಳೆದು, ಆ ಅಂತರಗಳ ವರ್ಗಗಳ ಸರಾಸರಿಗೆ ವರ್ಗಮೂಲ ತೆಗೆಯುತ್ತೇವೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಒಂದು ಅಂಕಿಯೇ ನನಗೆ ವೇದವಾಕ್ಯವಾಗಿತ್ತು.

ಒಮ್ಮೆ ಕಲ್ಮನ್ ಫಿಲ್ಟರಿನ, ಅಂದರೆ ವಿಮಾನ ಮುಂದೆ ಎಲ್ಲಿರುತ್ತದೆಂದು ಅಂದಾಜಿಸುವ ಲೆಕ್ಕಾಚಾರದ, ಹೊಸ ಆವೃತ್ತಿ ಪರೀಕ್ಷೆಗೆ ಬಂತು. ದೋಷ ಹಳೆಯದಕ್ಕಿಂತ ಸ್ಪಷ್ಟವಾಗಿ ಕಡಿಮೆಯಿತ್ತು. ಉತ್ಸಾಹದಿಂದ ವರದಿ ಬರೆದು ಹಿರಿಯ ಸಹೋದ್ಯೋಗಿಯ ಮುಂದಿಟ್ಟೆ. ಅವರು ಕೋಷ್ಟಕವನ್ನು ಬದಿಗೆ ಸರಿಸಿ ಹಾರಾಟದ ಚಿತ್ರವನ್ನು ನೋಡಿದರು. "ಹಾರಿದ್ದು ಒಂದೇ ವಿಮಾನ ತಾನೇ? ನಾಲ್ಕು ಟ್ರ್ಯಾಕ್ ಸಂಖ್ಯೆಗಳು ಎಲ್ಲಿಂದ ಬಂದವು?"

ಮೂರು ತಿರುವುಗಳಲ್ಲಿ ಮೂರು ಸಲ ಟ್ರ್ಯಾಕ್ ಕಡಿದುಹೋಗಿತ್ತು. ಹೊಸ ಫಿಲ್ಟರ್, ವಿಮಾನ ನೇರವಾಗಿಯೇ ಹೋಗುತ್ತದೆಂದು ಅತಿಯಾಗಿ ನಂಬಿತ್ತು. ಹಾಗಾಗಿ ಮುಂದಿನ ಬಿಂದುವನ್ನು ಹುಡುಕುವ ವಲಯ, ಅಂದರೆ ಗೇಟ್, ಕಿರಿದಾಗಿತ್ತು. ಸೆಕೆಂಡಿಗೆ 100 ಮೀಟರ್ ವೇಗದ ವಿಮಾನ ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿದರೆ, ಆಂಟೆನಾ ಒಂದು ಸುತ್ತು ಮುಗಿಸುವ 4 ಸೆಕೆಂಡಿನಲ್ಲಿ ನೇರ ದಾರಿಯಿಂದ ಸುಮಾರು 40 ಮೀಟರ್ ಸರಿದಿರುತ್ತದೆ. ಒಂದು ಸುತ್ತಿನಲ್ಲಿ ಪತ್ತೆ ತಪ್ಪಿ 8 ಸೆಕೆಂಡಾದರೆ ಸುಮಾರು 170 ಮೀಟರ್. ಬಿಂದು ಗೇಟಿನ ಹೊರಗೆ ಬಿತ್ತು, ಟ್ರ್ಯಾಕ್ ಸತ್ತಿತು. ಟ್ರ್ಯಾಕ್ ಇಲ್ಲದ ಹೊತ್ತಿನಲ್ಲಿ ಅಳೆಯಲು ಅಂತರವೇ ಇಲ್ಲ! ಕಷ್ಟದ ಪ್ರಶ್ನೆಗಳನ್ನು ಬಿಟ್ಟವನಿಗೆ, ಅವನು ಬರೆದ ಉತ್ತರಗಳ ಮೇಲಷ್ಟೇ ಶೇಕಡಾವಾರು ಲೆಕ್ಕ ಹಾಕಿ, ನಾನು ಮೊದಲ ಸ್ಥಾನ ಕೊಟ್ಟಿದ್ದೆ.

ಕಳೆದುಹೋದ ಗುರಿಗೂ ಸುಳ್ಳು ಟ್ರ್ಯಾಕಿಗೂ ದಂಡ ಹಾಕುವ ಒಎಸ್‌ಪಿಎ ಎಂಬ ಅಳತೆಯನ್ನು 2008ರಲ್ಲಿ ಮೂವರು ಸಂಶೋಧಕರು ಮುಂದಿಟ್ಟರು. ಅದನ್ನೂ ಬಳಸಿ ನೋಡಿದೆ. ಆದರೆ ಒಂದು ತಪ್ಪಿಗೆ ಹೆಚ್ಚೆಂದರೆ ಎಷ್ಟು ಮೀಟರ್ ದಂಡವೆಂಬ ಮಿತಿಯನ್ನು ನಾವೇ ಆರಿಸಬೇಕು. 100 ಮೀಟರ್ ಎಂದರೆ ಒಂದು ಟ್ರ್ಯಾಕರ್ ಗೆಲ್ಲಬಹುದು, 1000 ಎಂದರೆ ಇನ್ನೊಂದು. ಸಾಲದ್ದಕ್ಕೆ, ಅದರ ಮೂಲ ರೂಪಕ್ಕೆ ಟ್ರ್ಯಾಕಿನ ಸಂಖ್ಯೆ ಬದಲಾದದ್ದು ತಿಳಿಯುವುದೇ ಇಲ್ಲ. ತೆರೆಯ ಮುಂದೆ ಕುಳಿತವರಿಗೆ ಮಾತ್ರ ಅದೇ ದೊಡ್ಡ ತಲೆನೋವು: ಈಗಷ್ಟೇ ಗುರುತಿಸಿದ ವಿಮಾನ ಹೊಸ ಸಂಖ್ಯೆ ಹೊತ್ತು ಅಪರಿಚಿತನಂತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಈಗ ಟ್ರ್ಯಾಕ್ ಎಷ್ಟು ಸಲ ಕಡಿಯಿತು, ಹುಟ್ಟಲು ಎಷ್ಟು ಸುತ್ತು ಹಿಡಿಯಿತು, ಸುಳ್ಳು ಟ್ರ್ಯಾಕ್ ಎಷ್ಟು ಎಂಬುದನ್ನೆಲ್ಲ ಬೇರೆ ಬೇರೆಯಾಗಿಯೇ ಬರೆಯುತ್ತೇನೆ. ನೇರ ಹಾರಾಟದ ದೋಷ ಬೇರೆ, ತಿರುವಿನದು ಬೇರೆ. ಒಂದೇ ಅಂಕಿ ಸಾಕೆನ್ನುವವರು ಸಭೆಯಲ್ಲಿ ಈಗಲೂ ಇದ್ದಾರೆ.

ಆ ಫಿಲ್ಟರನ್ನು ಹಿಂದಿರುಗಿಸಿದೆವು. ಗೇಟ್ ಹಿಗ್ಗಿಸಿಕೊಂಡು ಮರಳಿ ಬಂದಾಗ ಅದರ ಸರಾಸರಿ ದೋಷ ಏರಿತ್ತು. ಮೂರೂ ತಿರುವುಗಳನ್ನು ಮಾತ್ರ ಒಂದೇ ಸಂಖ್ಯೆಯಲ್ಲಿ ದಾಟಿತು.