ಮೂರನೇ ರಾತ್ರಿ, ಎರಡು ಗಂಟೆ

ಹೆರಿಗೆಯಾಗಿ ಮೂರನೇ ರಾತ್ರಿ. ಹನ್ನೆರಡಕ್ಕೆ ಕುಡಿದ ಮಗು ಒಂದಕ್ಕೆ ಎದ್ದಿತ್ತು, ಎರಡಕ್ಕೆ ಮತ್ತೆ ಅಳುತ್ತಿದೆ. ತೊಟ್ಟು ಒಡೆದಿದೆ, ಎದೆ ಇನ್ನೂ ಮೆತ್ತಗೇ ಇದೆ. ಪಕ್ಕದಲ್ಲಿದ್ದವರು ಯಾರೋ, ಒಳ್ಳೆಯ ಮನಸ್ಸಿನಿಂದಲೇ, "ಹಾಲು ಸಾಲ್ತಿಲ್ಲ ಅನ್ಸುತ್ತೆ" ಅಂದುಬಿಡುತ್ತಾರೆ. ಎಷ್ಟೋ ಬಾಣಂತಿಯರು ಎದೆಹಾಲಿನ ಆಸೆ ಬಿಡುವುದು ಈ ಒಂದು ಮಾತಿಗೆ.

ಆ ಹೊತ್ತಿನಲ್ಲಿ ಮೈಯೊಳಗೆ ನಡೆಯುತ್ತಿರುವುದೇ ಬೇರೆ. ಮಾಸು ಬಿದ್ದ ಮೇಲೆ ಬಸುರಿನ ಹಾರ್ಮೋನ್ ಆದ ಪ್ರೊಜೆಸ್ಟರಾನ್ ಇಳಿಯುತ್ತದೆ. ಅಲ್ಲಿಂದ ಹಾಲು ತುಂಬಿ ಬರಲು ಸಾಮಾನ್ಯವಾಗಿ 2ರಿಂದ 3 ದಿನ ಬೇಕು. ಚೊಚ್ಚಲ ಹೆರಿಗೆ, ಸಿಸೇರಿಯನ್, ಮಧುಮೇಹ, ಹೆಚ್ಚಿನ ರಕ್ತಸ್ರಾವ ಇದ್ದರೆ ಇನ್ನೂ ತಡವಾಗಬಹುದು. ಅಲ್ಲಿಯವರೆಗೆ ಬರುವ ಗಿಣ್ಣು ಹಾಲು ಚಮಚದ ಲೆಕ್ಕದ್ದು: ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವುದು 2ರಿಂದ 10 ಮಿ.ಲೀ., ಮೂರನೇ ದಿನ 15ರಿಂದ 30 ಮಿ.ಲೀ. ರಾತ್ರಿ ಹಾಲು ತಯಾರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಹೆಚ್ಚಿರುತ್ತದೆ, ಮಗುವೂ ರಾತ್ರಿಯೇ ಹೆಚ್ಚು ಚೀಪುತ್ತದೆ. ನಾಳೆಯ ಹಾಲಿಗೆ ಅದು ಇಂದೇ ಬೇಡಿಕೆ ಸಲ್ಲಿಸುತ್ತಿದೆ ಅನ್ನಿ. ದಿನಕ್ಕೆ 8ರಿಂದ 12 ಸಲ ಕುಡಿಯುವುದು ಮಾಮೂಲು.

ಹಾಗಂತ "ಏನೂ ಆಗಲ್ಲ, ಎಲ್ಲ ಸರಿಹೋಗುತ್ತೆ" ಅನ್ನುವುದೂ ಒತ್ತಾಸೆಯಲ್ಲ. ನಿಜವಾಗಿಯೂ ಹಾಲು ಸಿಗದೆ ಸೊರಗುವ ಮಕ್ಕಳಿವೆ. ಊಹೆ ಬಿಟ್ಟು ಎಣಿಸುವುದೇ ದಾರಿ. ಮೊದಲ ದಿನ ಮಗು ಉಚ್ಚೆ ಹೊಯ್ದ ಒಂದು ಒದ್ದೆ ಬಟ್ಟೆ, ಎರಡನೇ ದಿನ ಎರಡು, ಮೂರನೇ ದಿನ ಮೂರು, ಐದನೇ ದಿನದಿಂದ ಆರು ಅಥವಾ ಹೆಚ್ಚು. ಡಾಂಬರಿನಂಥ ಕಪ್ಪು ಮಲ ಮೂರನೇ ದಿನದ ಹೊತ್ತಿಗೆ ಹಸಿರಾಗಿ, ಐದರೊಳಗೆ ಹಳದಿಯಾಗಬೇಕು. ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದು ಸಹಜ. 7 ಶೇಕಡಾ ದಾಟಿದರೆ ಕುಡಿಸುವುದನ್ನು ಯಾರಾದರೂ ಕೂತು ನೋಡಬೇಕು, 10 ದಾಟಿದರೆ ವೈದ್ಯರು ನೋಡಲೇಬೇಕು. ಎಬ್ಬಿಸಿದರೂ ಏಳದೆ ಮಲಗಿಯೇ ಇರುವ ಮಗು, ಅಳುವ ಮಗುವಿಗಿಂತ ಹೆಚ್ಚು ಗಾಬರಿ ಹುಟ್ಟಿಸಬೇಕು.

ನೆರವಿಗೆ ಕೂತವರು ಮೊದಲು ಕೇಳುವ ಪ್ರಶ್ನೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. "ಹಾಲು ಸಾಕಾಗ್ತಿದೆಯಾ?" ಅಂದರೆ ತಾಯಿಗೆ ಪರೀಕ್ಷೆಗೆ ಕೂತಂತೆ. "ಮಗು ಹೇಗೆ ಕುಡೀತಿದೆ, ಹೇಳಮ್ಮ" ಅಂದರೆ ಮಾತು ಬರುತ್ತದೆ, ಜೊತೆಗೆ ಅಳುವೂ. ಅಳಲು ಬಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ತರಬೇತಿಯಲ್ಲಿ ಹೇಳಿಕೊಡುವುದೂ ಇದನ್ನೇ: ತಾಯಿಯ ಅನಿಸಿಕೆಯನ್ನು ಒಪ್ಪಿಕೊಳ್ಳಿ, ಅವಳು ಸರಿಯಾಗಿ ಮಾಡುತ್ತಿರುವುದನ್ನು ಗುರುತಿಸಿ ಹೇಳಿ, ಒಂದೆರಡೇ ಸಲಹೆ ಕೊಡಿ, ಅಪ್ಪಣೆ ಮಾಡಬೇಡಿ. ರಾತ್ರಿ ಎರಡು ಗಂಟೆಗೆ ಹತ್ತು ಸಲಹೆ ಕೊಟ್ಟರೆ ಒಂದೂ ತಲೆಗೆ ಹತ್ತುವುದಿಲ್ಲ.

ಆ ಒಂದೆರಡು ಸಲಹೆ ಹೆಚ್ಚಿನ ಸಲ ಮಗು ಬಾಯಿ ಹಾಕುವ ರೀತಿಯ ಬಗ್ಗೆಯೇ ಇರುತ್ತದೆ. ತಾಯಿ ದಿಂಬಿಗೆ ಒರಗಿ ಭುಜ ಸಡಿಲ ಬಿಡಲಿ. ಮಗುವಿನ ಹೊಟ್ಟೆ ತಾಯಿಯ ಮೈಗೆ ಅಂಟಿರಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ತೊಟ್ಟು ಮಗುವಿನ ಮೂಗಿನ ಎದುರಿಗಿರಬೇಕು, ಬಾಯಿಯ ಎದುರಿಗಲ್ಲ. ಆಗ ಅದು ತಲೆಯನ್ನು ತುಸು ಹಿಂದಕ್ಕೆ ವಾಲಿಸಿ, ಆಕಳಿಸಿದಷ್ಟು ಅಗಲ ಬಾಯಿ ತೆರೆಯುತ್ತದೆ. ಆ ಕ್ಷಣಕ್ಕೆ ಎದೆಯನ್ನು ಮಗುವಿನ ಕಡೆ ಬಗ್ಗಿಸದೆ ಮಗುವನ್ನೇ ಎದೆಗೆ ತರಬೇಕು, ಗದ್ದ ಮೊದಲು ತಾಗುವಂತೆ. ಹಿಂದಲೆ ಹಿಡಿದು ಒತ್ತಬೇಡಿ, ಒತ್ತಿದರೆ ಮಗು ಸೆಟೆದುಕೊಳ್ಳುತ್ತದೆ. ಕೈ ಕತ್ತಿನ ಬುಡ ಮತ್ತು ಭುಜದ ಹಿಂದಿದ್ದರೆ ಸಾಕು.

ಸರಿಯಾಗಿ ಹಿಡಿದಿದ್ದರೆ ಕೆಳದುಟಿ ಹೊರಕ್ಕೆ ಮಡಚಿರುತ್ತದೆ, ಕೆನ್ನೆ ಗುಂಡಗಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣುತ್ತದೆ. ಹಾಲು ಇಳಿದ ಮೇಲೆ ನುಂಗುವ ಸದ್ದೂ ಕೇಳುತ್ತದೆ. ಬರೀ ತೊಟ್ಟನ್ನು ಕಚ್ಚಿ ಹಿಡಿದರೆ ಅದು ಮಗುವಿನ ಗಟ್ಟಿ ಅಂಗುಳಕ್ಕೆ ಸಿಕ್ಕಿ ಜಜ್ಜಿದಂತಾಗುತ್ತದೆ. ಬಿರುಕು ಬರುವುದು ಹೀಗೆ. ಕುಡಿದು ಬಿಟ್ಟಾಗ ತೊಟ್ಟು ಓರೆಯಾಗಿ, ಹೊಸ ಲಿಪ್‌ಸ್ಟಿಕ್‌ನ ತುದಿಯಂತೆ ಕಂಡರೆ ಹಿಡಿತ ತಪ್ಪಿದೆ ಎಂದೇ ಲೆಕ್ಕ. ಮೊದಲ ಅರ್ಧ ನಿಮಿಷದ ಸೆಳೆತ ಇರಬಹುದು. ಅದು ಮುಂದುವರಿದರೆ ಹಲ್ಲು ಕಚ್ಚಿ ಸಹಿಸುವುದು ಬೇಡ. ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿ ಬಿಡಿಸಿ ಮತ್ತೆ ಹಾಕಿ. ನಾಲ್ಕೈದು ಸಲವಾದರೂ ಸರಿ. ನಾಲಿಗೆಯ ಕೆಳಗಿನ ಎಳೆ ಬಿಗಿಯಾಗಿದ್ದರೆ ಹೇಗೆ ಹಿಡಿಸಿದರೂ ನೋವು ಹೋಗದಿರಬಹುದು, ಅದನ್ನು ತಿಳಿದವರಿಗೆ ತೋರಿಸಬೇಕು.

ನಾಲ್ಕನೇ ಬೆಳಗ್ಗೆ ಇನ್ನೊಂದೇ ಪಾಡು. ಹಾಲು ಬಂತು ಅನ್ನುವಷ್ಟರಲ್ಲಿ ಎದೆ ಕಲ್ಲಾಗುತ್ತದೆ, ತೊಟ್ಟು ಚಪ್ಪಟೆಯಾಗಿ ಮಗುವಿನ ಬಾಯಿಂದ ಜಾರುತ್ತದೆ. ತೊಟ್ಟಿನ ಬುಡದ ಸುತ್ತ ಬೆರಳ ತುದಿಗಳನ್ನಿಟ್ಟು ಒಂದು ನಿಮಿಷ ಎದೆಗೂಡಿನ ಕಡೆಗೆ ಮೆಲ್ಲಗೆ ಒತ್ತಿ ಹಿಡಿದರೆ ಬಾವು ಹಿಂದೆ ಸರಿದು ಮಗುವಿಗೆ ಹಿಡಿಯಲು ಜಾಗವಾಗುತ್ತದೆ. ಕುಡಿಸುವ ನಡುವೆ ತಣ್ಣನೆ ಬಟ್ಟೆ. ಗಂಟು ಕರಗಲೆಂದು ಜೋರಾಗಿ ತಿಕ್ಕುವ ಅಭ್ಯಾಸ ಬಾವನ್ನು ಹೆಚ್ಚಿಸುತ್ತದೆ, ಎಷ್ಟು ಹೇಳಿದರೂ ಇದನ್ನು ನಂಬುವವರು ಕಡಿಮೆ. ಜ್ವರ, ಮೈಕೈ ನೋವು, ಎದೆಯ ಒಂದು ಕಡೆ ಕೆಂಪು ಕಂಡು ಒಂದು ದಿನದೊಳಗೆ ತಗ್ಗದಿದ್ದರೆ ವೈದ್ಯರ ಬಳಿ ಹೋಗಬೇಕು. ಆಗಲೂ ಕುಡಿಸುವುದನ್ನು ನಿಲ್ಲಿಸಬೇಕಿಲ್ಲ.

ಮೇಲುಹಾಲು ಬೇಕೆಂದು ವೈದ್ಯರು ಹೇಳಿದರೆ ಕೊಡಬೇಕು, ಸೋತೆನೆಂದು ಕೊರಗಬಾರದು. ತಾಯಿಯೇ ಹಿಂಡಿದ ಹಾಲು ಮೊದಲು, ದಾನದ ಹಾಲು ಸಿಕ್ಕರೆ ಆಮೇಲೆ, ನಂತರ ಪುಡಿ ಹಾಲು; ಒಳಲೆ ಅಥವಾ ಚಮಚದಲ್ಲಿ. ಮೇಲುಹಾಲು ಕೊಟ್ಟಾಗಲೆಲ್ಲ ಎದೆಯಿಂದ ಅಷ್ಟೊತ್ತಿಗೆ ಹಾಲು ಹಿಂಡದಿದ್ದರೆ ಮಾತ್ರ ಕಷ್ಟ: ಖಾಲಿಯಾಗದ ಎದೆ ಮರುದಿನ ಕಡಿಮೆ ಹಾಲು ಮಾಡುತ್ತದೆ. ಗಿಣ್ಣು ಹಾಲು ಅಂಟಂಟಾಗಿರುವುದರಿಂದ ಮೊದಲ ದಿನಗಳಲ್ಲಿ ಪಂಪಿಗಿಂತ ಕೈಯೇ ವಾಸಿ. ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನಿಂದ 2–3 ಸೆಂ.ಮೀ. ಹಿಂದೆ ಎದುರುಬದುರು ಇಟ್ಟು, ಎದೆಗೂಡಿನ ಕಡೆಗೆ ಒತ್ತಿ, ಹಿಸುಕಿ, ಬಿಡಬೇಕು. ಚರ್ಮದ ಮೇಲೆ ಬೆರಳು ಜಾರಿಸಬಾರದು. ಒಂದೆರಡು ನಿಮಿಷ ಏನೂ ಬರದಿದ್ದರೂ ಬಿಡಬೇಡಿ.

ಈ ಎಲ್ಲದರ ನಡುವೆ ಪಾತ್ರೆ ತೊಳೆಯುವುದು, ಕೈಗೆ ನೀರು ಕೊಡುವುದು, ಮಗುವನ್ನು ಹೆಗಲಿಗೆ ಹಾಕಿ ತೇಗಿಸುವುದು ಬಾಣಂತಿಯ ಕೆಲಸವಲ್ಲ. "ನೀನು ಮಲಗು, ನಾನಿದೀನಿ" ಅನ್ನುವವರು ಯಾರಾದರೂ ಬೇಕು. ನೋವು ಮತ್ತು ಆತಂಕ, ಹಾಲನ್ನು ಇಳಿಸುವ ಹಾರ್ಮೋನ್ ಆಕ್ಸಿಟೋಸಿನ್ ಅನ್ನು ತಡೆದರೆ ಎದೆಯಲ್ಲಿದ್ದ ಹಾಲೂ ಇಳಿಯುವುದಿಲ್ಲ. 1956ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಏಳು ತಾಯಂದಿರು ಸೇರಿ ಎದೆಹಾಲೂಡಿಸುವವರಿಗೆ ನೆರವಾಗುವ ಲಾ ಲೇಚೆ ಲೀಗ್ ಎಂಬ ಸಂಘ ಕಟ್ಟಿದ್ದು, ಕುಡಿಸಿ ಗೊತ್ತಿದ್ದವಳು ಪಕ್ಕದಲ್ಲಿರಲಿ ಅನ್ನುವ ಸರಳ ಕಾರಣಕ್ಕೆ. ಈ ನೆರವು ಒಂದು ದಿನದ್ದಲ್ಲ: 2018ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯಾಗಿದ್ದಾಗಿನಿಂದ ಹಿಡಿದು ಕನಿಷ್ಠ ಆರು ಸಲ ಸಮಾಲೋಚನೆ ಆಗಬೇಕು ಎಂದಿತು.

10ರಿಂದ 14ನೇ ದಿನದ ಹೊತ್ತಿಗೆ ಮಗು ಹುಟ್ಟಿದಾಗಿನ ತೂಕಕ್ಕೆ ಮರಳಿದರೆ ಉಸಿರಾಡಬಹುದು. ಆರನೇ ವಾರದ ಆಸುಪಾಸಿಗೆ ಎದೆ ಮತ್ತೆ ಮೆತ್ತಗಾಗುತ್ತದೆ, ಮಗು ಮತ್ತೆ ಗಂಟೆಗೊಮ್ಮೆ ಎದ್ದರೂ ಎದ್ದೀತು. "ಹಾಲು ಬತ್ತಿತೇನೋ" ಅನ್ನುವ ಮಾತು ಆಗ ಇನ್ನೊಮ್ಮೆ ಬರುತ್ತದೆ. ಒದ್ದೆ ಬಟ್ಟೆ ಎಣಿಸಿ.